ಗೊಂಬೆಯ ಕಿವಿಯಲ್ಲಿ

"ಕೈ ಇಳೀತು, ಕೈ ಇಳೀತು! ನಿನ್ ಗೊಂಬೆ ಸೊಂಟದವರೆಗೂ ಭೂಮಿಯೊಳಕ್ಕೆ ಹೋಯ್ತು ನೋಡಮ್ಮ."

ಪರದೆಯ ಆ ಕಡೆಯಿಂದ ಶ್ರೀಧರ್ ಕೂಗಿದಾಗ ಚಂದನ ತುಟಿ ಕಚ್ಚಿಕೊಂಡು ಬಲಗೈಯನ್ನು ಮತ್ತೆ ಮೇಲಕ್ಕೆತ್ತಿದಳು. ಭುಜ ಉರಿಯುತ್ತಿತ್ತು. ಪಕ್ಕದಲ್ಲಿ ಕದಿರೇಶ್ ತನ್ನ ಮೇಷ್ಟ್ರು ಗೊಂಬೆಯನ್ನು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬೆವರು ಒರೆಸಿಕೊಳ್ಳುತ್ತಾ, "ಇದಕ್ಕಿಂತ ಟೊಮೆಟೊ ಕ್ರೇಟ್ ಹೊರೋದೇ ವಾಸಿ ಕಣೇ," ಎಂದು ಪಿಸುಗುಟ್ಟಿದ. ಅವಳಿಗೆ ನಗು ಬಂತು. ನಗುವಿಗೆ ಗೊಂಬೆಯೂ ಕುಲುಕಿತು. "ಹಾಂ! ಅದು ಚೆನ್ನಾಗಿತ್ತು. ಗೊಂಬೆ ನಕ್ಕಂಗಿತ್ತು," ಎಂದರು ಶ್ರೀಧರ್.

ಯಲ್ದೂರಿನ ಅಂಚಿನಲ್ಲಿ ಗೆಳತಿ ಗಂಗಾಲಕ್ಷ್ಮಿಯ ಮನೆಯವರು ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಉದ್ದನೆಯ ಕೊಠಡಿ ಅದು. ಹುಳು ಸಾಕುವುದು ಬಿಟ್ಟ ಮೇಲೆ ಖಾಲಿ ಬಿದ್ದಿತ್ತು. ಊರಿನ ಹುಡುಗ ಹುಡುಗಿಯರು ಸೇರಿ ಕಟ್ಟಿಕೊಂಡಿದ್ದ 'ಚಿಗುರು' ಕೂಟಕ್ಕೆ ಆ ಚಳಿಗಾಲ ಶ್ರೀಧರ್ ಕೋಲಾರದಿಂದ ಬಂದು ಗೊಂಬೆ ಮಾಡುವುದನ್ನೂ ಆಡಿಸುವುದನ್ನೂ ಕಲಿಸುತ್ತಿದ್ದರು. ಸೂತ್ರದ ಗೊಂಬೆಯಲ್ಲ, ತೊಗಲಿನದೂ ಅಲ್ಲ. ಗವಸಿನಂತೆ ಕೈಗೆ ತೊಟ್ಟುಕೊಳ್ಳುವ ಕೈಗೊಂಬೆ. ಹಳೇ ಪೇಪರನ್ನು ಹರಿದು ನೆನೆಹಾಕಿ, ಒರಳಲ್ಲಿ ರುಬ್ಬಿ, ಮೈದಾ ಗಂಜಿಯನ್ನೂ ಅರೆದ ಮೆಂತ್ಯವನ್ನೂ ಸೇರಿಸಿ ಕಲಸಬೇಕು. ಜೇಡಿಮಣ್ಣಿನ ಉಂಡೆಯ ಮೇಲೆ ಅದನ್ನು ಮೆತ್ತಿ ಮೂಗು, ಗಲ್ಲ, ಹುಬ್ಬು ತಿದ್ದಬೇಕು. ಒಣಗಿದ ಮೇಲೆ ಎರಡು ಹೋಳು ಮಾಡಿ, ಒಳಗಿನ ಮಣ್ಣು ತೆಗೆದು, ಮತ್ತೆ ಅಂಟಿಸಬೇಕು. ಹುಳುಗಳು ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಂಕಿಗಳ ಮೇಲೆ ಈಗ ಕೂದಲಿಲ್ಲದ, ಕಣ್ಣಿಲ್ಲದ ತಲೆಗಳು ಸಾಲಾಗಿ ಒಣಗುತ್ತಿದ್ದವು. ಗಂಗಾಲಕ್ಷ್ಮಿಯ ಅಜ್ಜಿ ಒಂದು ಸಲ ಬಾಗಿಲಲ್ಲಿ ನಿಂತು ನೋಡಿ, "ಇದೇಮಿ ಕರ್ಮಮೇ ತಲ್ಲೀ," ಎಂದು ತೆಲುಗಿನಲ್ಲಿ ಗೊಣಗಿ, ಇದೇನು ಕರ್ಮವೆಂಬಂತೆ ಗಲ್ಲ ಬಡಿದುಕೊಂಡು ಹೋಗಿದ್ದಳು.

ಚಂದನ ಶ್ರೀನಿವಾಸಪುರದ ಕಾಲೇಜಿನಲ್ಲಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು. ತರಗತಿಯಲ್ಲಿ ಹೆಸರು ಕೂಗಿದರೆ ಎದ್ದು ನಿಂತು ಉತ್ತರ ಹೇಳಲೂ ನಾಲಿಗೆ ತಡವರಿಸುವ ಹುಡುಗಿ. ಕೂಟಕ್ಕೆ ಬಂದದ್ದೂ ಗಂಗಾಲಕ್ಷ್ಮಿ ಎಳೆದುಕೊಂಡು ಬಂದಳೆಂದು. ಆದರೆ ಪರದೆಯ ಹಿಂದೆ ಕೂತು, ತೋರುಬೆರಳನ್ನು ಗೊಂಬೆಯ ಕತ್ತಿನೊಳಗೆ ತೂರಿಸಿ ಬಾಯಿ ತೆರೆದ ದಿನ, ಎಲ್ಲಿತ್ತೋ ಏನೋ, ಮೂಗಿನಿಂದ ಹೊರಟ ಒಂದು ತುಂಟ ದನಿ ಹೊರಬಂತು. ಎಲ್ಲರೂ ತಿರುಗಿ ನೋಡಿದರು. ಮೇಕೆ ಕಾಯುವ ಹುಡುಗಿ ಚಿನ್ನಕ್ಕನ ಪಾತ್ರ ಅಂದೇ ಅವಳದಾಯಿತು. ಆ ಗೊಂಬೆಯ ತಲೆಯನ್ನು ಅವಳೇ ಮಾಡಿದಳು. ಒಂದು ಕಿವಿ ಸ್ವಲ್ಪ ದೊಡ್ಡದಾಯಿತು. ತಿದ್ದಲು ಹೋದರೆ ಶ್ರೀಧರ್ ಬೇಡವೆಂದರು.

"ಮಾತಾಡೋ ಗೊಂಬೆನ ಯಾರು ಬೇಕಾದ್ರೂ ಆಡಿಸ್ತಾರೆ," ಎನ್ನುತ್ತಿದ್ದರು ಅವರು. "ಕೇಳಿಸ್ಕೊಳ್ಳೋ ಗೊಂಬೆ ಆಡಿಸೋದು ಕಷ್ಟ. ಸುಮ್ನೆ ನಿಂತ್ರೆ ಸತ್ತಂಗಿರುತ್ತೆ, ಅಲ್ಲಾಡಿದ್ರೆ ಅದೇ ಮಾತಾಡಿದಂಗಿರುತ್ತೆ. ತಲೆ ಒಂಚೂರು ವಾಲ್ಸಿ ಹಿಡ್ಕೊಬೇಕು, ಅಷ್ಟೆ."

ಸಂಜೆ ಅಭ್ಯಾಸ ಮುಗಿಯುವ ಹೊತ್ತಿಗೆ ಅಣ್ಣ ಉಮೇಶ್ ಬೈಕ್ ತಂದು ಹೊರಗೆ ನಿಲ್ಲಿಸುತ್ತಿದ್ದ. ಒಳಗೆ ಬರುತ್ತಿರಲಿಲ್ಲ. ಹುಣಸೆಮರದ ಕೆಳಗೆ ನಿಂತು ಫೋನು ನೋಡಿಕೊಂಡಿರುತ್ತಿದ್ದ. ಮೂವತ್ತು ದಾಟಿದ್ದ ಅವನ ಕಿವಿಯ ಪಕ್ಕ ಕೂದಲು ಬೆಳ್ಳಗಾಗತೊಡಗಿತ್ತು. ಅಪ್ಪ ವೆಂಕಟರಾಯಪ್ಪನಿಗೆ ಮಂಡಿ ನೋವು ಹೆಚ್ಚಾದ ಮೇಲೆ ಮಾವಿನ ತೋಟ, ಹಸುಗಳು, ರಾಗಿ ಹೊಲ ಎಲ್ಲ ಅವನ ಮೇಲೆಯೇ ಬಿದ್ದಿತ್ತು. ಚಂದನ ಚಿಕ್ಕವಳಿದ್ದಾಗ ಅಮ್ಮ ಭಾರತಮ್ಮ ಕಾಯಿಲೆ ಬಿದ್ದು ಬಹಳ ದಿನ ಹಾಸಿಗೆ ಹಿಡಿದಿದ್ದಳು. ಆಗ ಬೆಳಿಗ್ಗೆ ಹಾಲು ಹಾಕಿ ಬಂದು, ತಂಗಿಯನ್ನು ಜಗುಲಿಯ ಮೇಲೆ ಕೂರಿಸಿ, ಎರಡು ಜಡೆ ಹೆಣೆದು ರಿಬ್ಬನ್ ಕಟ್ಟಿ ಶಾಲೆಗೆ ಕಳಿಸುತ್ತಿದ್ದವನು ಅವನೇ. ಒಂದು ಜಡೆ ಮೇಲೆ, ಒಂದು ಕೆಳಗೆ. ಮೇಡಂ ನಕ್ಕು ಬಿಚ್ಚಿ ಕಟ್ಟುತ್ತಿದ್ದರು. ಅವಳು ಅದನ್ನು ಅಣ್ಣನಿಗೆ ಹೇಳಿರಲಿಲ್ಲ.

ಆ ಉಮೇಶನಿಗೆ ಕೊನೆಗೂ ಹೆಣ್ಣು ಗೊತ್ತಾಗಿತ್ತು. ವರ್ಷಗಟ್ಟಲೆ ಹುಡುಕಿ ಸೋತ ಮೇಲೆ ದೇವರಾಯಸಮುದ್ರದ ಕಡೆಯ ಸಂಬಂಧ ಕುದುರಿತ್ತು. ಹುಡುಗಿಯ ಹೆಸರು ಮೇಘನ, ಪಿಯುಸಿ ಮುಗಿಸಿದ್ದಾಳೆ, ತಾಯಿ ಇಲ್ಲ, ತಂದೆ ಅಶ್ವತ್ಥಪ್ಪ ಕೂಲಿಗೆ ಹೋಗುತ್ತಾನೆ. ಹುಡುಗಿ ನೋಡಲು ಹೋದ ದಿನ ಚಂದನಳಿಗೆ ಕಾಲೇಜಿನಲ್ಲಿ ಪರೀಕ್ಷೆಯಿತ್ತು. ಉಮೇಶ್ ಫೋಟೋ ಕಳಿಸಿದ್ದ. ಮುಖಕ್ಕೆ ಪೌಡರ್ ಬಳಿದುಕೊಂಡು, ಮಲ್ಲಿಗೆ ಮುಡಿದು, ರೇಷ್ಮೆ ಸೀರೆಯಲ್ಲಿ ತಲೆ ತಗ್ಗಿಸಿ ನಿಂತ ಹುಡುಗಿ. 'ಅತ್ತಿಗೆ ಚೆನ್ನಾಗಿದ್ದಾರೆ' ಎಂದು ಚಂದನ ನಗುವ ಮುಖಗಳನ್ನು ಸೇರಿಸಿ ಬರೆದಿದ್ದಳು. ಮದುವೆ ಮುಂದಿನ ಗುರುವಾರ, ಅವರ ಕಡೆಯ ಬೆಟ್ಟದ ದೇವಸ್ಥಾನದಲ್ಲಿ, ಹತ್ತಿರದವರು ಮಾತ್ರ ಸೇರಿ. "ಆಡಂಬರ ಯಾತಕ್ಕೆ? ಮೂರು ಗಂಟು ಬಿದ್ರೆ ಸಾಕು," ಎನ್ನುತ್ತಿದ್ದಳು ಭಾರತಮ್ಮ.

ಚಿಗುರು ಕೂಟದ ಮೊದಲ ಹೊರ ಊರಿನ ಪ್ರದರ್ಶನ ಆ ವಾರವೇ ದೇವರಾಯಸಮುದ್ರದ ಶಾಲೆಯಲ್ಲಿ ಗೊತ್ತಾಯಿತು. ಸಂಬಂಧ ಬೆಳೆಸುವ ಊರು ಎಂದು ಚಂದನಳಿಗೆ ಒಳಗೊಳಗೇ ಸಡಗರ. ಆಟ ಮುಗಿದ ಮೇಲೆ ಅತ್ತಿಗೆಯ ಮನೆ ಹುಡುಕಿ ಹೋಗಿ ಬಾಗಿಲಲ್ಲಿ ನಿಂತು ಬೆರಗುಗೊಳಿಸಬೇಕೆಂದುಕೊಂಡು ಒಂದು ಡಜನ್ ಗಾಜಿನ ಬಳೆ ಕೊಂಡು ಬ್ಯಾಗಿನಲ್ಲಿಟ್ಟುಕೊಂಡಳು. ಯಾರಿಗೂ ಹೇಳಲಿಲ್ಲ.

ಶಾಲೆಯ ಅಂಗಳದ ಹೊಂಗೆಮರಕ್ಕೂ ಧ್ವಜದ ಕಂಬಕ್ಕೂ ನಡುವೆ ಪರದೆ ಕಟ್ಟಿದರು. ಮಕ್ಕಳು ನೆಲದ ಮೇಲೆ, ಮೇಷ್ಟ್ರುಗಳು ಕುರ್ಚಿಯ ಮೇಲೆ, ಕಾಂಪೌಂಡಿನಾಚೆ ಊರಿನ ಹೆಂಗಸರು. ಆಟ ಚೆನ್ನಾಗಿ ನಡೆಯಿತು. ಕದಿರೇಶನ ಮೇಷ್ಟ್ರು ಗೊಂಬೆಯ ಕನ್ನಡಕವನ್ನು ಮೇಕೆ ಕಚ್ಚಿಕೊಂಡು ಹೋದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಚಿನ್ನಕ್ಕ ಮೇಕೆಯನ್ನು ಕರೆದುಕೊಂಡೇ ಶಾಲೆಗೆ ಬಂದಾಗ ಚಪ್ಪಾಳೆ ಬಿತ್ತು.

ಕೊನೆಯದು ಶ್ರೀಧರ್ ಸೇರಿಸಿದ್ದ ಭಾಗ. ಚಿನ್ನಕ್ಕ ಪರದೆಯ ಮೇಲಿಂದ ಬಗ್ಗಿ, "ನನ್ ಕಿವೀಲಿ ಯಾರು ಗುಟ್ಟು ಹೇಳ್ತೀರಾ? ನೋಡ್ರೋ, ಎಷ್ಟು ದೊಡ್ಡ ಕಿವಿ ಐತೆ!" ಎಂದು ಕರೆಯಬೇಕು. ಮಕ್ಕಳು ನುಗ್ಗಿದರು. "ನಮ್ ಹಸು ಕರು ಹಾಕೈತೆ." "ನಾನು ರಬ್ಬರ್ ಕದ್ದಿದೀನಿ, ಸಾರ್‌ಗೆ ಹೇಳ್ಬೇಡ." "ಇವ್ನು ಚಡ್ಡೀಲಿ ಉಚ್ಚೆ ಹೊಯ್ಕೊಂಡಿದ್ದ." ಪರದೆಯ ತೆಳು ಬಟ್ಟೆಯ ಈ ಕಡೆ ಕೂತ ಚಂದನಳ ಮುಖಕ್ಕೆ ಆ ಮಾತುಗಳ ಬಿಸಿಯುಸಿರು ತಾಗುತ್ತಿತ್ತು. ಅವಳು ಒಬ್ಬೊಬ್ಬರಿಗೂ ಗೊಂಬೆಯ ತಲೆ ವಾಲಿಸಿ, ಕೈಬಡಿದು, ಅಯ್ಯಯ್ಯೋ ಎಂದು ಉತ್ತರ ಕೊಡುತ್ತಿದ್ದಳು.

ಎಲ್ಲರೂ ಹೋದ ಮೇಲೆ ಒಬ್ಬಳು ಉಳಿದಿದ್ದಳು. ಪರದೆಯ ಸೀಳಿನಲ್ಲಿ ಚಂದನಳಿಗೆ ಕಂಡಳು: ಎರಡನೆಯದೋ ಮೂರನೆಯದೋ ತರಗತಿಯ ಮಗು, ಮುಂದಿನ ಹಲ್ಲು ಬಿದ್ದಿದೆ.

"ನಿನ್ನೆಸ್ರೇನು ಬಂಗಾರಿ?" ಎಂದಿತು ಗೊಂಬೆ.

"ಆಂಜಿ." ಮಗು ತುದಿಗಾಲಲ್ಲಿ ನಿಂತು ಗೊಂಬೆಯ ಕಿವಿಗೆ ಬಾಯಿಟ್ಟಿತು. "ಚಿನ್ನಕ್ಕ, ನಮ್ಮಕ್ಕಾನೂ ಸ್ಕೂಲ್ ಬಿಟ್ಬಿಟ್ಟವ್ಳೆ."

"ಹೌದಾ? ಅವ್ಳೂ ಮೇಕೆ ಕಾಯ್ತಾಳಾ?"

"ಊಹೂಂ. ಮದ್ವೆ. ಒಂಬತ್ನೇ ಕ್ಲಾಸು ಅವ್ಳು. ಪರೀಕ್ಷೆ ಬರೀತೀನಿ ಅಂತ ಅತ್ಲು. ಅಪ್ಪ ಬುಕ್ಕೆಲ್ಲ ಅಟ್ಟದ ಮೇಲೆ ಹಾಕ್ಬಿಟ್ಟ."

ಗೊಂಬೆ ತಲೆ ವಾಲಿಸಿತು. ಚಂದನಳ ಕೈ ತಾನಾಗಿ ಆ ಕೆಲಸ ಮಾಡುತ್ತಿತ್ತು. ಅಯ್ಯೋ ಪಾಪ, ಆಟ ಮುಗಿದ ಮೇಲೆ ಇಲ್ಲಿನ ಮೇಡಂಗೆ ಹೇಳಬೇಕು ಎಂದುಕೊಂಡಳು. "ಯಾರ ಜೊತೆ ಮದ್ವೆಯಂತೆ?"

"ಯಲ್ದೂರು ಬಾವ. ಉಮೇಶ್ ಬಾವ. ಬೈಕಲ್ಲಿ ಬಂದು ನಂಗೆ ಪೆಪ್ಪರ್‌ಮಿಂಟ್ ಕೊಟ್ಟ. ಗುರುವಾರ ಮೇಘನಕ್ಕನ್ನ ಕರ್ಕೊಂಡೋಗ್ತಾನಂತೆ." ಆಮೇಲೆ ಮಗು ಮನೆಯ ಮಾತಿಗೆ, ತೆಲುಗಿಗೆ ಹೊರಳಿತು. "ಎವರಿಕೀ ಚೆಪ್ಪಕು, ಚಿನ್ನಕ್ಕ. ನಾಯನ ಕೊಡ್ತಾಡು."

ಯಾರಿಗೂ ಹೇಳಬೇಡ, ಅಪ್ಪ ಹೊಡೆಯುತ್ತಾನೆ.

ಗೊಂಬೆ ಹಾಗೇ ನಿಂತಿತು. ಮಗು ಕಾಯಿತು. ಕಾಂಪೌಂಡಿನಾಚೆ ಯಾರೋ ಹೆಂಗಸು, "ಏನೇ, ಗೊಂಬೆಗೆ ಗರ ಬಡೀತಾ?" ಎಂದಳು. ನಗೆಯೆದ್ದಿತು. ಕದಿರೇಶ್ ಪಕ್ಕದಿಂದ ಮೊಣಕೈಯಲ್ಲಿ ತಿವಿದ. ಚಂದನಳ ಬಾಯಿ ತೆರೆದಿತ್ತು, ಆದರೆ ಚಿನ್ನಕ್ಕನ ದನಿಯೂ ಬರಲಿಲ್ಲ, ತನ್ನ ದನಿಯೂ ಬರಲಿಲ್ಲ. ಹೊಂಗೆಯ ಎಲೆಗಳು, ಪರದೆಯ ಹಗ್ಗ, ಕದಿರೇಶನ ಹವಾಯಿ ಚಪ್ಪಲಿ, ಎಲ್ಲವೂ ತೊಳೆದಿಟ್ಟಂತೆ ಸ್ಪಷ್ಟವಾಗಿ ಕಾಣುತ್ತಿದ್ದವು. ಯಾವುದಕ್ಕೂ ಅರ್ಥವಿರಲಿಲ್ಲ. ಕೊನೆಗೆ ಕದಿರೇಶನೇ ತನ್ನ ಮೇಷ್ಟ್ರು ಗೊಂಬೆಯನ್ನು ಮುಂದೆ ತಂದು, "ಚಿನ್ನಕ್ಕ ಗುಟ್ಟು ಕೇಳೀ ಕೇಳೀ ಹೊಟ್ಟೆ ಉಬ್ಬರಿಸ್ಕೊಂಡವ್ಳೆ, ಎಲ್ರೂ ಮನೆಗೆ ನಡೀರಿ!" ಎಂದು ಆಟ ಮುಗಿಸಿದ.

ಪರದೆ ಬಿಚ್ಚುವಾಗಲೂ ಅವಳ ಕೈ ಕೆಳಗಿಳಿಯಲಿಲ್ಲ. ಗಂಗಾಲಕ್ಷ್ಮಿ ಬಂದು ಮೊಣಕೈ ಹಿಡಿದು ಮಡಚಿ, ಬೆರಳುಗಳಿಂದ ಗೊಂಬೆಯನ್ನು ಕಳಚಿದಳು. "ಏನಾಯ್ತೇ? ಜೋಮು ಹಿಡೀತಾ? ಕೈಯೆಲ್ಲ ತಣ್ಣಗಾಗೈತೆ."

"ಹೂಂ, ಜೋಮು," ಎಂದಳು ಚಂದನ.

ವಾಪಸಾಗುವಾಗ ಟೆಂಪೋದಲ್ಲಿ ಎಲ್ಲರೂ ಹಾಡುತ್ತಿದ್ದರು. ಅವಳು ಹಿಂದಿನ ಸೀಟಿನಲ್ಲಿ ಕೂತು, ಬ್ಯಾಗಿನಲ್ಲೇ ಉಳಿದ ಬಳೆಗಳನ್ನು ಸರಿಸಿ ಫೋನು ತೆಗೆದಳು. ಅತ್ತಿಗೆಯ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿದಳು. ಮೊದಲು ಕಂಡಿದ್ದು ಸೀರೆ, ಮಲ್ಲಿಗೆ, ಓಲೆ. ಈಗ ಕಂಡಿದ್ದು ಬೇರೆ. ಸೆರಗು ಜಾರದ ಹಾಗೆ ಸಾಲಾಗಿ ಚುಚ್ಚಿದ ಪಿನ್ನುಗಳು. ಯಾರದೋ ದೊಡ್ಡವರ ಬಳೆಗಳು ಮಣಿಕಟ್ಟಿನಲ್ಲಿ ನಿಲ್ಲದೆ ಅಂಗೈಯ ಮೇಲಕ್ಕೆ ಜಾರಿದ್ದವು. ಹೆಬ್ಬೆರಳ ಪಕ್ಕ ನೀಲಿ ಇಂಕಿನ ಕಲೆ. ಇದನ್ನೆಲ್ಲ ಅಂದೇ ನೋಡಿದ್ದೆನಲ್ಲ, ಇದೇ ಫೋಟೋ ಅಲ್ಲವೇ ಎಂದುಕೊಂಡಳು. ಆ ಅಶ್ವತ್ಥಪ್ಪ ಅಣ್ಣನಿಗೆ ಮೋಸ ಮಾಡಿದ್ದಾನೆ. ಪಿಯುಸಿ ಎಂದು ಸುಳ್ಳು ಹೇಳಿದ್ದಾನೆ. ಅಣ್ಣನಿಗೆ ಗೊತ್ತಾದರೆ ಕುಸಿದುಹೋಗುತ್ತಾನೆ. ಹೇಗೆ ಹೇಳಬೇಕು, ಮೊದಲು ಯಾವ ಮಾತು ಆಡಬೇಕು ಎಂದು ಯಲ್ದೂರು ಬರುವವರೆಗೂ ಮನಸ್ಸಿನಲ್ಲೇ ಜೋಡಿಸಿಕೊಂಡಳು.

ಉಮೇಶ್ ಹಿತ್ತಲಲ್ಲಿ ಹಸುವಿನ ಮೈ ತೊಳೆಯುತ್ತಿದ್ದ. ಪ್ಯಾಂಟು ಮಡಚಿ, ತೆಂಗಿನ ನಾರಿನಿಂದ ಅದರ ಕತ್ತು ಉಜ್ಜುತ್ತಿದ್ದ. ಹಸು ಕಣ್ಣು ಮುಚ್ಚಿ ನಿಂತಿತ್ತು.

"ಅಣ್ಣ, ನಿಂಗೊಂದ್ ವಿಷ್ಯ ಹೇಳ್ಬೇಕು. ಗಾಬರಿ ಆಗ್ಬೇಡ. ಮೇಘನ ಪಿಯುಸಿ ಅಲ್ಲ. ಒಂಬತ್ನೇ ಕ್ಲಾಸು ಅಣ್ಣ. ಹದಿನೈದು ವರ್ಷ ಇರ್ಬೇಕು, ಅಷ್ಟೆ. ಅವ್ರು ನಿಂಗೆ ಸುಳ್ಳು ಹೇಳವ್ರೆ."

"ಆ ಬಕೆಟ್ ಈ ಕಡೆ ತಳ್ಳು," ಎಂದ ಉಮೇಶ್.

ಅವಳು ತಳ್ಳಿದಳು. "ಕೇಳಿಸ್ತಾ ನಾನ್ ಹೇಳಿದ್ದು?"

"ಕೇಳಿಸ್ತು." ಚೊಂಬಿನಲ್ಲಿ ನೀರು ತುಂಬಿ ಹಸುವಿನ ಬೆನ್ನಿಗೆ ಸುರಿದ. ನೀರು ಹೊಟ್ಟೆಯ ಇಕ್ಕೆಲದಿಂದ ಇಳಿದು ಕಲ್ಲುಚಪ್ಪಡಿಯ ಮೇಲೆ ಹರಿಯಿತು. "ಗೊತ್ತು ಕಣೇ."

ಚಂದನ ಅವನ ಮುಖ ನೋಡಿದಳು. ಅದೇ ಮುಖ. ಮೂಗಿನ ತುದಿಯಲ್ಲಿ ನೀರಿನ ಹನಿ. ಅವನು ಅದನ್ನು ತೋಳಿನಿಂದ ಒರೆಸಿಕೊಂಡ.

"ಗೊತ್ತಾ?"

"ನೋಡಕ್ಕೆ ಹೋದ ದಿನಾನೇ ಗೊತ್ತಾಯ್ತು. ಅಮ್ಮಂಗೂ ಗೊತ್ತು, ಅಪ್ಪಂಗೂ ಗೊತ್ತು. ನಿಂಗೆ ಹೇಳೋದು ಬೇಡ ಅಂದ್ಲು ಅಮ್ಮ. ನೀನು ಕೂಟ ಗೀಟ ಅಂತ ತಿರುಗ್ತೀಯಲ್ಲ." ಅವನು ನಾರನ್ನು ಬಕೆಟ್ಟಿನಲ್ಲಿ ಅದ್ದಿದ. "ನಿಂಗೇನ್ ಗೊತ್ತೇ ಚಂದು. ಎಷ್ಟು ಕಡೆ ಹೋಗ್ಬಂದೆ ನಾನು? ಕಂಪನಿ ಕೆಲ್ಸ ಐತಾ ಅಂತಾರೆ. ಕೋಲಾರದಲ್ಲಿ ಒಬ್ಳು ಕಾಫಿ ಕೊಟ್ಟು ಒಳಗೆ ಹೋಗಿ, ಸಗಣಿ ವಾಸ್ನೆ ಬರ್ತದೆ ಅಂತ ಅವ್ಳಮ್ಮಂಗೆ ಹೇಳಿದ್ದು ನಂಗೆ ಕೇಳಿಸ್ತು. ಸೆಂಟ್ ಹಾಕ್ಕೊಂಡು ಹೋಗಿದ್ದೆ ಕಣೇ ನಾನು."

"ಅದಕ್ಕೆ? ಅದಕ್ಕೆ ಒಂಬತ್ನೇ ಕ್ಲಾಸ್ ಹುಡುಗೀನಾ?"

"ನಾನೇನು ಹೊಡೀತೀನಾ, ಬಡೀತೀನಾ? ಆ ಹುಡುಗಿಗೆ ತಾಯಿಲ್ಲ. ಇಲ್ಲಿ ಬಂದು ಹೊಟ್ಟೆ ತುಂಬ ಉಂಡ್ಕೊಂಡು ಇರ್ಲಿ. ಮೂರು ವರ್ಷ ನಿನ್ ಪಕ್ಕ ಮಲಗ್ಲಿ. ಓದ್ತೀನಿ ಅಂದ್ರೆ ಓದಿಸ್ತೀನಿ."

ಇದನ್ನೆಲ್ಲ ಅವನು ಹಾಲಿನ ಡೈರಿಯ ವಿಷಯ ಮಾತಾಡುವ ದನಿಯಲ್ಲೇ ಹೇಳಿದ. ಕಿರುಚಿದ್ದರೆ, ಕೈ ಎತ್ತಿದ್ದರೆ ಚಂದನಳಿಗೆ ಏನಾದರೂ ಹೊಳೆಯುತ್ತಿತ್ತೇನೋ. ಅವಳು ಗೋಡೆಗೆ ಒರಗಿದಳು. ತನ್ನ ಜಡೆ ಹೆಣೆದ ಬೆರಳುಗಳು ಹಸುವಿನ ಕಿವಿಯ ಹಿಂದೆ ಅಂಟಿದ್ದ ಉಣ್ಣೆಹುಳವನ್ನು ಮೆಲ್ಲಗೆ, ಅದಕ್ಕೆ ನೋವಾಗದ ಹಾಗೆ ಕೀಳುತ್ತಿದ್ದವು.

ಭಾರತಮ್ಮ ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. ಕೈಯಲ್ಲಿ ರಾಗಿ ಮುದ್ದೆ ತಿರುವುವ ಕೋಲು.

"ಯಾರೇ ನಿಂಗೆ ಹೇಳಿದ್ದು?"

"ಯಾರ್ ಹೇಳಿದ್ರೇನಮ್ಮ?"

"ನಂಗೆ ಮದ್ವೆ ಆದಾಗ ಹದಿಮೂರು. ಸತ್ತೋದ್ನಾ ನಾನು?" ಅಮ್ಮನ ದನಿ ಒಮ್ಮೆಲೇ ಇಳಿಯಿತು. "ನಿಮ್ಮಣ್ಣನ್ನ ನೋಡೇ ಒಂದ್ಸಲ. ಮದ್ವೆ ಮನೆಗಳಿಗೆ ಹೋಗೋದೇ ಬಿಟ್ಟವ್ನೆ. ಹೋದ್ರೆ ಎಲ್ರೂ ಕೇಳ್ತಾರೆ ಅಂತ. ನಮ್ಮ ತಲೆ ಬಿದ್ದೋದ್ಮೇಲೆ ಅವ್ನಿಗ್ಯಾರೇ ದಿಕ್ಕು? ನೀನು ಬಾಯಿ ಮುಚ್ಕೊಂಡಿರು. ಊರುಕೋ, ಸುಮ್ನಿರು."

ಆ ರಾತ್ರಿ ಚಂದನ ಊಟಕ್ಕೆ ಕೂತಳು, ಎಲ್ಲರ ಜೊತೆ ಉಂಡಳು. ಅದೇ ಅವಳಿಗೆ ಆಶ್ಚರ್ಯವಾಗಿತ್ತು. ಮುದ್ದೆ ಗಂಟಲಲ್ಲಿ ಇಳಿಯಿತು, ಸೊಪ್ಪಿನ ಸಾರಿಗೆ ಉಪ್ಪು ಕಡಿಮೆಯೆಂಬುದೂ ತಿಳಿಯಿತು. ಅಪ್ಪ ಎಂದಿನಂತೆ ಕಾಲು ನೀವಿಕೊಂಡ.

ಬೆಳಿಗ್ಗೆ ಅವಳು ಕಾಲೇಜಿಗೆ ಹೊರಟವಳು ಬಸ್ಸಿಗೆ ಹೋಗದೆ ತೋಟಕ್ಕೆ ಹೋದಳು. ಮಾವು ಹೂ ಬಿಟ್ಟ ಕಾಲ. ಇಡೀ ತೋಟ ಜೇನುಹುಳುಗಳಿಂದ ಗುಂಯ್ ಎನ್ನುತ್ತಿತ್ತು. ಮೇಘನಳ ಊರಿನ ಮೇಡಂಗೆ ಹೇಳಿದರೆ? ಊರಿಗೆಲ್ಲ ಹರಡುತ್ತದೆ, ಮಗುವಿನ ಬುಡಕ್ಕೇ ಬರುತ್ತದೆ. ಶ್ರೀಧರ್‌ಗೆ ಹೇಳಿದರೆ? ಹೇಳಬೇಕಾದದ್ದು ನಾನಲ್ಲವೇ, ಅಣ್ಣ ನನ್ನವನು. ಮರವೊಂದಕ್ಕೆ ಬೆನ್ನು ಕೊಟ್ಟು ಕೂತು ಬಹಳ ಹೊತ್ತು ಫೋನನ್ನು ದುಪಟ್ಟಾದ ತುದಿಯಿಂದ ಒರೆಸಿದಳು. ಆಮೇಲೆ ಮಕ್ಕಳ ಸಹಾಯವಾಣಿಗೆ ಹಚ್ಚಿದಳು.

ಆ ಕಡೆ ಒಬ್ಬ ಹೆಂಗಸಿನ ದನಿ. ಹುಡುಗಿಯ ಹೆಸರು, ಊರು, ತಂದೆಯ ಹೆಸರು ಕೇಳಿದಳು. ಮದುವೆಯ ದಿನ, ಜಾಗ ಕೇಳಿದಳು. ಚಂದನ ಒಂದೊಂದನ್ನೂ ಹೇಳಿದಳು. ಇದು ತನ್ನದೇ ದನಿಯೋ, ಪರದೆಯ ಹಿಂದಿನದೋ ಎಂದು ಅವಳಿಗೇ ತಿಳಿಯಲಿಲ್ಲ.

"ಗಂಡಿನ ಹೆಸರು?"

"ಉಮೇಶ್. ವೆಂಕಟರಾಯಪ್ಪನವರ ಮಗ. ಯಲ್ದೂರು."

"ನಿಮ್ಗೆ ಅವ್ರ ಪರಿಚಯ ಇದೆಯಾ ಅಮ್ಮ?"

"ನಮ್ಮಣ್ಣ."

"ಸರಿ ಅಮ್ಮ," ಎಂದಿತು ಆ ದನಿ, ಮೊದಲಿಗಿಂತ ಮೆಲ್ಲಗೆ. "ನಿಮ್ ಹೆಸ್ರು ಎಲ್ಲೂ ಬರಲ್ಲ. ನೀವು... ನೀವು ಹುಷಾರಾಗಿದೀರಾ?"

ಚಂದನ ಫೋನು ಇಟ್ಟಳು.

ಮದುವೆಯ ಹಿಂದಿನ ದಿನ ಎರಡೂ ಮನೆಗೆ ಅಧಿಕಾರಿಗಳು ಬಂದರು. ಯಲ್ದೂರಿನ ಮನೆಯ ಮುಂದೆ ಜೀಪು ನಿಂತಾಗ ಅಂಗಳದಲ್ಲಿ ಚಪ್ಪರಕ್ಕೆ ತಂದ ತೆಂಗಿನ ಗರಿ ಬಿದ್ದಿತ್ತು. ಉಮೇಶನನ್ನು ಠಾಣೆಗೆ ಕರೆಸಿ ಮಧ್ಯಾಹ್ನವೆಲ್ಲ ಬೆಂಚಿನ ಮೇಲೆ ಕೂರಿಸಿ, ಎಚ್ಚರಿಕೆ ಕೊಟ್ಟು ಕಳಿಸಿದರು. ಮದುವೆ ನಿಂತಿತು. ಭಾರತಮ್ಮ ಬೀದಿಯಲ್ಲಿ ನಿಂತು, ಹೊಟ್ಟೆಕಿಚ್ಚಿನವರ ಮನೆ ಹಾಳಾಗಲಿ ಎಂದು ಮಣ್ಣು ತೂರಿದಳು. ವೆಂಕಟರಾಯಪ್ಪ ಗೋಡೆ ಕಡೆ ತಿರುಗಿ ಮಲಗಿದ. ಉಮೇಶ್ ಮಾತ್ರ ಯಾರನ್ನೂ ಬೈಯಲಿಲ್ಲ. ಠಾಣೆಯಿಂದ ಬಂದವನು ಒಂದು ಸಲ ಚಂದನಳನ್ನು ನೋಡಿದ, ಕಣ್ಣು ಹೊರಳಿಸಿದ. ಮಾರನೆಯ ದಿನದಿಂದ ಅವಳನ್ನು ಬಸ್ಸಿಗೆ ಬಿಡಲು ಬೈಕ್ ತೆಗೆಯಲಿಲ್ಲ. ಅವಳೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಅಶ್ವತ್ಥಪ್ಪ ಬಂದ. ಸಣ್ಣ ಆಳು, ಬಣ್ಣಗೆಟ್ಟ ಶರ್ಟು, ಹೆಗಲ ಮೇಲೆ ಟವೆಲು. ಭಾರತಮ್ಮ ರೂಢಿಯಂತೆ ಕಾಫಿ ತರಲು ಒಳಗೆ ಹೋದಳು. ಅವನು ಕೂರಲಿಲ್ಲ.

"ಯಾರು ಹೇಳಿದ್ದು ಅಂತ ನಂಗೆ ಗೊತ್ತಾಗ್ಬೇಕು," ಎಂದ. "ನಮ್ಮೂರಲ್ಲಿ ಯಾರ್ಗೂ ಗೊತ್ತಿರ್ಲಿಲ್ಲ. ಅವಳೇ ಇರ್ಬೇಕು, ಮೇಘನ. ಎರಡು ದಿನದಿಂದ ಕೇಳ್ತಾ ಇದೀನಿ. ಬೆಲ್ಟ್ ತಗೊಂಡೂ ಕೇಳ್ದೆ. ಬಾಯಿ ಬಿಡ್ತಿಲ್ಲ. ಚಿಕ್ಕವ್ಳು ನಡುವೆ ಬಂದು ಅವ್ಳ ಕಾಲು ತಬ್ಕೊಂಡು ಅರಚ್ತದೆ. ಅವ್ಳಿಗೂ ಎರಡು ಬಿತ್ತು. ನಾನು ಬೆಳಿಗ್ಗೆ ಟೊಮೆಟೊ ಮಂಡಿಗೆ ಹೋದ್ರೆ ಬರೋದು ಸಂಜೆ. ಎರಡು ಹೆಣ್ಣು ಇಟ್ಕೊಂಡು, ತಾಯಿಲ್ಲದ ಮನೆ, ಯಾರ್ ಕಾಯ್ತಾರೆ? ಮರ್ವಾದೆ ಹೋಯ್ತಲ್ಲ ನಂದು."

ಚಂದನ ಒಳಗಿನ ಕೋಣೆಯಲ್ಲಿದ್ದಳು. ಬೆಲ್ಟ್ ಎಂಬ ಮಾತು ಕಿವಿಗೆ ಬಿದ್ದಾಗ ಅವಳು ಎದ್ದಳು. ಬಾಗಿಲು ದಾಟಿ ಅಂಗಳಕ್ಕೆ ಬಂದಳು. ಇಷ್ಟು ಜನರೆದುರು, ಮುಂದೆ ಒಂದು ತುಂಡು ಬಟ್ಟೆಯ ಮರೆಯೂ ಇಲ್ಲದೆ, ಅವಳು ಮಾತಾಡಿದ್ದು ಅದೇ ಮೊದಲು.

"ನಾನು ಫೋನ್ ಮಾಡಿದ್ದು."

ಅಡುಗೆಮನೆಯಲ್ಲಿ ಲೋಟ ಬಿದ್ದ ಸದ್ದಾಯಿತು.

"ನೀನಾ? ನಿಂಗ್ಯಾರಮ್ಮ ಹೇಳಿದ್ದು? ಅವಳೇ ತಾನೇ? ಫೋನಲ್ಲಿ ಹೇಳಿದ್ಲಾ?"

"ಯಾರೂ ಹೇಳ್ಲಿಲ್ಲ. ಮೇಘನ ಜೊತೆ ನಾನು ಒಂದ್ಸಲಾನೂ ಮಾತಾಡಿಲ್ಲ, ದೇವ್ರಾಣೆಗೂ. ಅಣ್ಣ ಫೋಟೋ ಕಳಿಸಿದ್ದ. ಬಳೆ ಕೈಯಲ್ಲಿ ನಿಲ್ತಾ ಇರ್ಲಿಲ್ಲ. ಕೈ ಮೇಲೆ ಇಂಕಿತ್ತು. ನೋಡಿದ್ರೆ ಗೊತ್ತಾಗಲ್ವಾ?" ಅವಳು ಇನ್ನೊಂದು ಹೆಜ್ಜೆ ಮುಂದಿಟ್ಟಳು. "ಬೈಯೋದಿದ್ರೆ ನಂಗೆ ಬೈರಿ."

ಭಾರತಮ್ಮ ಬಂದು ಮಗಳ ಕೆನ್ನೆಗೆ ಬಾರಿಸಿದಳು. ಮತ್ತೊಂದು ಏಟಿಗೆ ಎತ್ತಿದ ಕೈ ಅಲ್ಲೇ ನಿಂತಿತು. ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದ ಉಮೇಶ್ ಎದ್ದಿದ್ದ. ಅವನು ಅಮ್ಮನ ಕಡೆ ನೋಡಲಿಲ್ಲ, ತಂಗಿಯ ಕಡೆಯೂ ನೋಡಲಿಲ್ಲ. ನೆಟ್ಟಗೆ ಅಶ್ವತ್ಥಪ್ಪನ ಮುಂದೆ ಹೋಗಿ ನಿಂತ.

"ಬೆಲ್ಟಲ್ಲಿ ಹೊಡೆದ್ರಾ?"

"ಮತ್ತೇನ್ ಮಾಡ್ಲಿ? ಬಾಯಿ ಬಿಡ್ಲಿಲ್ಲ ಅಂದ್ರೆ—"

"ಆ ಮಗೂನ ಬೆಲ್ಟಲ್ಲಿ ಹೊಡೆದ್ರಾ?"

ಮೇಘನಳನ್ನು ಮಗು ಎಂದ ಮೇಲೆ ಉಮೇಶ್ ಒಂದು ಕ್ಷಣ ಹಾಗೇ ನಿಂತ, ಪಕ್ಕದಲ್ಲಿ ಬೇರೆ ಯಾರೋ ಮಾತಾಡಿದರೇನೋ ಎಂಬಂತೆ. ಅವನ ಮುಖದ ಬಣ್ಣ ನಿಧಾನವಾಗಿ ಇಳಿಯಿತು. ಹಿತ್ತಲಲ್ಲಿ ಹಸು ಕೂಗಿತು. ಯಾರೂ ಹೋಗಲಿಲ್ಲ.

"ಇನ್ನೊಂದ್ಸಲ ಅವ್ಳ ಮೇಲೆ ಕೈ ಎತ್ತಿದ್ರಿ ಅಂತ ಗೊತ್ತಾದ್ರೆ ನಾನೇ ಬರ್ತೀನಿ," ಎಂದ ಉಮೇಶ್. "ಪುಸ್ತಕ ಕೊಟ್ಬಿಡಿ ಅವ್ಳಿಗೆ. ಪರೀಕ್ಷೆ ಐತಂತಲ್ಲ."

ಅಶ್ವತ್ಥಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, ಬಂದ ದಾರಿಯಲ್ಲೇ ಹೋದ. ಉಮೇಶ್ ಹಿತ್ತಲಿಗೆ ನಡೆದ. ಭಾರತಮ್ಮ ಅಂಗಳದ ನಡುವೆ ಕುಕ್ಕರುಗಾಲಲ್ಲಿ ಕೂತಳು. ಯಾರಿಗೂ ಅಲ್ಲದ ಹಾಗೆ, "ಬೆಲ್ಟಲ್ಲಾ?" ಎಂದಳು.

ಆಮೇಲೂ ಅಣ್ಣ ತಂಗಿಯ ನಡುವೆ ಮಾತು ಮೊದಲಿನ ಹಾಗೆ ಹುಟ್ಟಲಿಲ್ಲ. 'ಅನ್ನ ಹಾಕ್ಲಾ', 'ಹಾಲು ಹಾಕ್ಬಂದ್ಯಾ' ಅಷ್ಟೇ. ಸಹಾಯವಾಣಿಯವರಿಗೆ ಚಂದನ ಇನ್ನೊಮ್ಮೆ ಫೋನು ಮಾಡಿ ಹೊಡೆತದ ವಿಷಯವನ್ನೂ ಹೇಳಿದಳು. ಅವರು ಆ ಮನೆಗೆ ಹೋಗಿ ಬಂದೆವೆಂದರು. ಗೊಂಬೆಯಾಟದಲ್ಲಿ ಗುಟ್ಟು ಹೇಳುವ ಭಾಗವನ್ನು ತೆಗೆಯೋಣವೇ ಎಂದು ಶ್ರೀಧರ್ ಒಂದು ದಿನ ಕೇಳಿದರು. ಅವರಿಗೆ ಯಾರು ಏನು ಹೇಳಿದ್ದರೋ. ಚಂದನ ಗೊಂಬೆಯನ್ನು ಕೈಗೆ ತೊಟ್ಟುಕೊಳ್ಳುತ್ತಾ, "ಇರ್ಲಿ ಸರ್," ಎಂದಳು.

ಬೇಸಿಗೆ ಶುರುವಾಗುವ ಹೊತ್ತಿಗೆ ಮುಳಬಾಗಿಲ ಕಡೆ ಮತ್ತೊಂದು ಪ್ರದರ್ಶನವಿತ್ತು. ಮುಗಿದ ಮೇಲೆ ಎಲ್ಲರೂ ಟೆಂಪೋದಲ್ಲಿ ಹೊರಟರು. ಬಣ್ಣ ತರಲು ಕೋಲಾರಕ್ಕೆ ಹೋಗಬೇಕಿದ್ದ ಚಂದನ ದೇವರಾಯಸಮುದ್ರದ ಹತ್ತಿರ ಹೆದ್ದಾರಿಯಲ್ಲಿ ಇಳಿದುಕೊಂಡಳು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇಬ್ಬರು ಹುಡುಗಿಯರು ಕೂತಿದ್ದರು. ಚಿಕ್ಕವಳು ಆಂಜಿ. ದೊಡ್ಡವಳು ನೀಲಿ ಸಮವಸ್ತ್ರದಲ್ಲಿ, ತೊಡೆಯ ಮೇಲೆ ಪರೀಕ್ಷೆಯ ರಟ್ಟು ಇಟ್ಟುಕೊಂಡಿದ್ದಳು. ಪೌಡರ್ ಇಲ್ಲದ ಆ ಮುಖವನ್ನು ಗುರುತಿಸಲು ಚಂದನಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಇಬ್ಬರಿಗೂ ಅವಳು ಯಾರೆಂದು ಗೊತ್ತಿರಲಿಲ್ಲ.

ಮೇಘನ ಒಂದು ಸೀಬೆಕಾಯಿಯನ್ನು ಬೆಂಚಿನ ಅಂಚಿಗೆ ಕುಟ್ಟಿ ಎರಡು ಹೋಳು ಮಾಡುತ್ತಿದ್ದಳು. ತೋಳು ಮೇಲೆತ್ತಿದಾಗ ಮೊಣಕೈಯ ಮೇಲೆ ಮಾಸುತ್ತಿದ್ದ ಒಂದು ಕಪ್ಪು ಬರೆ ಕಂಡು ಮರೆಯಾಯಿತು. ದೊಡ್ಡ ಹೋಳು ತಂಗಿಗೆ ಕೊಟ್ಟಳು.

"ಕೋಲಾರದ ಬಸ್ ಹೋಯ್ತಾ?" ಎಂದು ಕೇಳಿದಳು ಚಂದನ.

"ಇಲ್ಲಕ್ಕ, ಇನ್ನೂ ಬಂದಿಲ್ಲ. ಬರ್ತದೆ," ಎಂದಳು ಮೇಘನ. ಆಮೇಲೆ ಬೆಂಚಿನ ಮೇಲಿದ್ದ ತನ್ನ ಬ್ಯಾಗನ್ನು ತೆಗೆದು ಕಾಲ ಹತ್ತಿರ ಇಟ್ಟುಕೊಂಡು, ಒತ್ತರಿಸಿ ಜಾಗ ಮಾಡಿ, "ಕೂತ್ಕೊಳ್ಳಿ. ಬಿಸಿಲೈತೆ," ಎಂದಳು.

ಚಂದನ ಕೂತಳು. ಮೂವರೂ ರಸ್ತೆಯ ಕಡೆ ನೋಡಿದರು. ಟೊಮೆಟೊ ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು. ಮೇಘನ ಸೀಬೆಕಾಯಿಯ ಮೇಲೆ ಕೂತ ಧೂಳನ್ನು ಲಂಗದ ಅಂಚಿಗೆ ಒರೆಸಿ, ಒಂದು ಕಡಿತ ಕಚ್ಚಿದಳು.